ಬಾಸಿಂಗಕ್ಕೆ ಬೆಲೆ ಹೇಳಿದ ಮಾವ

ಪಕ್ಕದ ಫ್ಲ್ಯಾಟಿನ ಹುಡುಗಿ ಕ್ರೂಸ್ ಮುಗಿಸಿ ಬಂದವಳು ನನಗೊಂದು ಮರದ ಆಮೆ ತಂದುಕೊಟ್ಟಳು. ಹಡಗು ಯಾವುದೋ ದ್ವೀಪದ ಬಂದರಿನಲ್ಲಿ ಒಂದು ಹಗಲು ನಿಂತಿತ್ತಂತೆ. ಇಳಿದವರೆಲ್ಲ ಶಾಪಿಂಗಿಗೆ ಓಡಿದರಂತೆ. “ಆಂಟೀ, ಮಾರೋನು ಹೇಳಿದ್ದರಲ್ಲಿ ಕಾಲು ಭಾಗಕ್ಕೆ ಇಳಿಸಿದೆ. ಸುಮ್ಮನೆ ಎದ್ದು ಹೊರಟ ಹಾಗೆ ಮಾಡ್ಬೇಕು, ಹಿಂದೇನೇ ಓಡಿ ಬರ್ತಾನೆ ಪಾಪ,” ಎಂದು ನಕ್ಕಳು. ಒಳ್ಳೆಯ ಹುಡುಗಿ. ನನ್ನ ಮಾತ್ರೆಗಳನ್ನು ತಂದುಕೊಡುವವಳೂ ಅವಳೇ. “ಹೌ ಸ್ವೀಟ್ ಆಫ್ ಯೂ” ಎಂದೆ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ತೀಡಿದ ಮ್ಯಾನರ್ಸ್ ಈ ವಯಸ್ಸಿನಲ್ಲೂ ತಾನಾಗಿಯೇ ಬಾಯಿಗೆ ಬರುತ್ತದೆ. ಬಾಗಿಲು ಹಾಕಿಕೊಂಡ ಮೇಲೆ ಆಮೆಯನ್ನು ಒಯ್ದು ಫ್ರಿಜ್ಜಿನ ಮೇಲೆ ಗೋಡೆಗೆ ಮುಖ ಮಾಡಿ ಇಟ್ಟೆ. ಈಗಲೂ ಹಾಗೇ ಕೂತಿದೆ.

ಚೌಕಾಶಿಯ ಮೇಲೆ ನನಗೇನೂ ದ್ವೇಷವಿಲ್ಲ. ನಾನು ಬೆಳೆದದ್ದು ಸಾಗರದ ಪೇಟೆಯಲ್ಲಿ. ನಮ್ಮಮ್ಮನಷ್ಟು ಚೆನ್ನಾಗಿ ಚೌಕಾಶಿ ಮಾಡುವ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ. ಬಳೆಗಾರ ಬಂದರೆ ಅರ್ಧ ಮಧ್ಯಾಹ್ನ ಅದಕ್ಕೇ ಮೀಸಲು. ಅವನು ಎರಡು ಸಲ ಗಂಟು ಕಟ್ಟಿ ಏಳುತ್ತಿದ್ದ, ಅಮ್ಮ ಎರಡು ಸಲ ಒಳಗೆ ಹೋಗಿಬಿಡುತ್ತಿದ್ದಳು, ನಡುವೆ ಅವನಿಗೆ ಮಜ್ಜಿಗೆಯೂ ಹೋಗುತ್ತಿತ್ತು. “ನಿಮ್ಮನೆಗೆ ಬಂದ್ರೆ ನಾ ಬರಿಗೈಲಿ ಹೋಗ್ಬೇಕು ನೋಡಿ ಅಮ್ಮ” ಎಂದು ಅವನು, “ಹಾಗಂತ ಹೇಳಿಯೇ ನೀನು ಮೂರು ಮನೆ ಕಟ್ಟಿಸಿದ್ದು” ಎಂದು ಇವಳು. ಮುಂದಿನ ಸಲ ಅವನು ಮೊದಲು ಬರುತ್ತಿದ್ದದ್ದೂ ನಮ್ಮ ಮನೆಗೇ. ಪಾತ್ರೆಗೆ, ಸೀರೆಗೆ, ಚಾಪೆಗೆ, ಎಲ್ಲದಕ್ಕೂ ಚೌಕಾಶಿ ಇತ್ತು.

ಬಾಸಿಂಗಕ್ಕೆ ಮಾತ್ರ ಇರಲಿಲ್ಲ. ಮದುಮಗನ, ಮದುಮಗಳ ಹಣೆಗೆ ಕಟ್ಟುವ ಬಾಸಿಂಗ ನಮ್ಮೂರಲ್ಲಿ ಗುಡಿಗಾರರ ಕೇರಿಯಿಂದ ಬರಬೇಕು. ಗಂಧದ ಮರದಲ್ಲಿ ಆನೆ, ಪೆಟ್ಟಿಗೆ, ದೇವರುಗಳನ್ನು ಕೆತ್ತುವ ಅದೇ ಜನ ಬೆಂಡಿನಲ್ಲಿ ಬಾಸಿಂಗವನ್ನೂ ಕಟ್ಟುತ್ತಾರೆ. ಬೆಂಡು ಅಂದರೆ ಕೆರೆಯಲ್ಲಿ ಬೆಳೆಯುವ ಒಂದು ಗಿಡದ ಕಾಂಡ. ಸಿಪ್ಪೆ ತೆಗೆದರೆ ಹಾಲಿನಷ್ಟು ಬಿಳಿ, ಕೈಯಲ್ಲಿ ಹಿಡಿದರೆ ಹಿಡಿದ ಹಾಗೇ ಇಲ್ಲ. ಅದನ್ನು ಕಾಗದದಷ್ಟು ತೆಳ್ಳಗೆ ಸೀಳಿ ಮಲ್ಲಿಗೆ ಮೊಗ್ಗು ಮಾಡಿ, ಗಿಳಿ ಮಾಡಿ, ಮಿರುಗುವ ಬೇಗಡೆ ಹಚ್ಚಿ ಕಟ್ಟುತ್ತಿದ್ದರು. ಗಂಧದ ಆನೆಗೆ ಬೆಲೆ ಹೇಳುವ ಗುಡಿಗಾರ ಬಾಸಿಂಗಕ್ಕೆ ಬೆಲೆ ಹೇಳುತ್ತಿರಲಿಲ್ಲ. ಮದುವೆ ಮನೆಯ ಹೆಂಗಸರು ಹರಿವಾಣದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲ, ವೀಳ್ಯ ಇಟ್ಟುಕೊಂಡು ಹೋಗಬೇಕು, ಅವನ ಮುಂದಿಡಬೇಕು, ಅವನು ಮೊರದಲ್ಲಿಟ್ಟು ಕೊಟ್ಟ ಜೋಡಿ ಬಾಸಿಂಗವನ್ನು ರೇಷ್ಮೆ ವಸ್ತ್ರದಲ್ಲಿ ಮುಚ್ಚಿ ಮನೆಗೆ ತರಬೇಕು. ವೀಳ್ಯದ ಕೆಳಗೆ ದಕ್ಷಿಣೆ ಇರುತ್ತಿತ್ತು, ಎಷ್ಟೆಂದು ಅವನು ನೋಡುತ್ತಿರಲಿಲ್ಲ. ಮುಹೂರ್ತದವರೆಗೆ ಮದುಮಗಳು ಅದನ್ನು ನೋಡಬಾರದು. ಒಂದು ಸಲ ಒಂದು ಹಣೆಗೆ ಮುಟ್ಟಿದ ಬಾಸಿಂಗ ಇನ್ನೊಂದು ಹಣೆಗೆ ಇಲ್ಲ.

ಅರುವತ್ತರ ದಶಕದ ನಡುವಿನ ಒಂದು ಮಾಘ ಮಾಸದಲ್ಲಿ ನನ್ನ ಅಕ್ಕನ ಮದುವೆ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದು ಮುಗಿಸಿ, ಎಲೊಕ್ಯೂಷನ್ನಿಗೆ, ಇಂಗ್ಲಿಷ್ ಭಾಷಣಕ್ಕೆ, ಒಂದು ಕಪ್ಪು ಗೆದ್ದುಕೊಂಡು ಮನೆಗೆ ಬಂದಿದ್ದೆ. ಕಪ್ಪು ಗೋಡೆಬೀರುವಿನಲ್ಲಿತ್ತು, ಅದರೊಳಗೆ ಅಮ್ಮ ಗುಂಡುಪಿನ್ನು ಹಾಕಿಡುತ್ತಿದ್ದಳು. ಹುಡುಗಿಯರು ಗಂಡಸರಿದ್ದಲ್ಲಿ ಮಾತಾಡಬಾರದೆಂಬುದು ನಮ್ಮ ಮನೆಯ ರೂಲ್; ಹಾಗಾಗಿ ನನ್ನ ಇಂಗ್ಲಿಷಿಗೆ ಸಾಗರದಲ್ಲಿ ಕೆಲಸವೇ ಇರಲಿಲ್ಲ.

ಅಕ್ಕನಿಗೆ ಅದು ಕೂಡಿ ಬಂದ ಮೊದಲ ಸಂಬಂಧವಲ್ಲ. ಹಿಂದಿನದೊಂದು ನಿಶ್ಚಯವಾಗಿ, ಬೆಳ್ಳಿ ಚೊಂಬು ಕೊಡುವ ಮಾತಿನಲ್ಲಿ ಮುರಿದು ಬಿದ್ದಿತ್ತು. ಆಮೇಲೆ ಅಮ್ಮ ನಿದ್ದೆಯಲ್ಲೂ ಬೆಚ್ಚುತ್ತಿದ್ದಳು. ಈ ಸಲದ ಹುಡುಗ ತೀರ್ಥಹಳ್ಳಿಯವನು, ಮಾಸ್ತರು. ಹುಡುಗನ ತಾಯಿ ವರದಕ್ಷಿಣೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಅವರು ಕೇಳಿದ್ದು ಒಂದೇ: “ಬಾಸಿಂಗ ಮಾತ್ರ ನಿಮ್ಮ ಸಾಗರದ ಗುಡಿಗಾರರ ಕೈಯದ್ದೇ ಆಗ್ಬೇಕು ಮಾರಾಯ್ತಿ. ಪೇಟೆ ಕಾಗದದ್ದು ತಂದ್ರೆ ನಮ್ಮ ಹುಡುಗ ಹಸೆಗೆ ಕೂರೂದಿಲ್ಲ.” ನಕ್ಕುಕೊಂಡೇ ಹೇಳಿದ್ದರು. ಅಮ್ಮ ಆ ನಗುವನ್ನು ನಂಬಲಿಲ್ಲ. ನಮ್ಮ ಮನೆಯ ಮದುವೆಗಳಿಗೆಲ್ಲ ಬಾಸಿಂಗ ಕಟ್ಟಿದ್ದ ಗುಡಿಗಾರಜ್ಜನ ಹತ್ತಿರ ಆ ದಿನವೇ ಹೋಗಿ ಹೇಳಿ ಬಂದಿದ್ದಳು.

ಇನ್ನು ಮಾವ. ಅಮ್ಮನ ಅಣ್ಣ, ಹೊಸನಗರದಲ್ಲಿ ಬಸ್ಸಿನ ಏಜೆಂಟ್. ಎದುರಿಗೆ ಯಾವಾಗಲೂ ಬಹುವಚನದಲ್ಲೇ ಮಾತಾಡಿಸಿದ್ದೇನೆ. ಬರೆಯುವಾಗ ಏಕವಚನ ಬರುತ್ತಿದೆ, ಇರಲಿ. ಮಾವನಿಗೆ ಇಂಗ್ಲಿಷೆಂದರೆ ಪ್ರಾಣ. ಟೈ ಕಟ್ಟಿದವನೊಬ್ಬ ಬಸ್ ಇಳಿದರೆ ಸಾಕು, ಅವನ ಸೂಟ್‌ಕೇಸು ಮಾವನ ಕೈಯಲ್ಲಿರುತ್ತಿತ್ತು. ಮದುವೆಗೆ ಮೂರು ದಿನವಿದೆ ಎನ್ನುವಾಗ, ಚಪ್ಪರಕ್ಕೆ ಕಂಬ ಹುಗಿಸಲು ಬರಬೇಕಾದ ಮನುಷ್ಯ ನಾಪತ್ತೆ. ಆಮೇಲೆ ತಿಳಿಯಿತು, ಕಾರವಾರದ ಹತ್ತಿರ ಸಮುದ್ರದಲ್ಲಿ ಪ್ರಪಂಚ ಸುತ್ತುವ ಹಡಗೊಂದು ಲಂಗರು ಹಾಕಿದೆ, ಅದರಿಂದ ಇಳಿದ ಒಂದಷ್ಟು ಜನರನ್ನು ಮಾವ ಬಾಡಿಗೆ ಕಾರುಗಳಲ್ಲಿ ಘಟ್ಟ ಹತ್ತಿಸಿ ಜೋಗ ತೋರಿಸಲು ಕರೆತಂದಿದ್ದಾನೆ ಎಂದು. ಮಾಘದ ಜೋಗದಲ್ಲಿ ನೀರೆಲ್ಲಿಂದ ಬರಬೇಕು? ಬಂಡೆಯ ಮೇಲೆ ನಾಲ್ಕು ಬಿಳಿ ಗೀಟು. ಅವರ ಮುಖ ಸಪ್ಪಗಾದದ್ದು ಕಂಡು ಮಾವನಿಗೆ ದಿಗಿಲಾಗಿ, ಮಾರನೆಯ ಬೆಳಿಗ್ಗೆ ಎಲ್ಲರನ್ನೂ ಸಾಗರಕ್ಕೆ ಶಾಪಿಂಗಿಗೆ ತಂದ. ಗುಡಿಗಾರಜ್ಜನ ಜಗಲಿಗೇ ತಂದ.

ಅದೇ ಬೆಳಿಗ್ಗೆ ಅಮ್ಮ, ನಾನು ಹರಿವಾಣ ಹಿಡಿದು ಬಾಸಿಂಗ ತರಲು ಹೊರಟಿದ್ದೆವು.

ಕೇರಿಯ ಬಾಯಲ್ಲಿ ಕಾರುಗಳು ನಿಂತಿದ್ದವು. ಅಜ್ಜನ ಜಗಲಿಯ ಮೇಲೆ ಟೊಪ್ಪಿ, ಕ್ಯಾಮೆರಾ, ಕಪ್ಪು ಕನ್ನಡಕ. ಅಜ್ಜ ಗಂಧದ ಎರಡು ಆನೆ, ಒಂದು ಪೆಟ್ಟಿಗೆ ಹರವಿ ಕೂತಿದ್ದ. ಹೂವಿನ ಫ್ರಾಕು ತೊಟ್ಟ ದಪ್ಪನೆಯ ಮೇಡಂ ಒಬ್ಬಳು ಆನೆಯನ್ನು ಮೂಗಿಗೆ ಹಿಡಿದು, ಅಜ್ಜ ಹೇಳಿದ ಬೆಲೆಯ ಮೂರನೇ ಒಂದು ಭಾಗ ಹೇಳಿ, ಎದ್ದು ನಿಂತಳು. ಎದ್ದು ನಿಂತು ಗಂಡನ ಹತ್ತಿರ ಪಿಸುಗುಟ್ಟಿದಳು: ಹಡಗಿನಲ್ಲಿ ಮೊನ್ನೆಯ ಲೆಕ್ಚರಿನಲ್ಲಿ ಹೇಳಿದ್ದರಲ್ಲ, ಈ ಕಡೆಯ ದೇಶಗಳಲ್ಲಿ ಹೀಗೇ ಮಾಡಬೇಕು, ಈಗ ನೋಡು ಕರೆಯುತ್ತಾನೆ. ನನಗೆ ಒಂದೊಂದು ಶಬ್ದವೂ ಅರ್ಥವಾಯಿತು. ಗಿಳಿಯ ಮುಂದೆ ಮಾತಾಡಿದ ಹಾಗೆ ನಮ್ಮ ಮುಂದೆಯೇ ಮಾತಾಡಿಕೊಳ್ಳುತ್ತಿದ್ದರು.

ಅಜ್ಜ ಕರೆಯಲಿಲ್ಲ. ಕರೆದದ್ದು ಮಾವ. “ಏ ಅಜ್ಜ, ಇಳ್ಸೋ ಸ್ವಲ್ಪ! ಎಷ್ಟು ದೂರದಿಂದ ಬಂದವ್ರು. ಊರಿನ ಮರ್ಯಾದೆ ಪ್ರಶ್ನೆ.”

“ಊರಿನ ಮರ್ಯಾದೆ ಅಂದ್ರೆ ನಾ ಒಬ್ನೇ ಕೊಡೂದಾ ಸ್ವಾಮಿ?” ಅಂದ ಅಜ್ಜ. ಆದರೂ ಸ್ವಲ್ಪ ಇಳಿಸಿದ. ನಮ್ಮನ್ನು ಕಂಡು ಮುಖ ಅರಳಿಸಿ, “ಬಂದ್ರಾ ಅಮ್ಮ, ಬನ್ನಿ. ಎಲ್ಲ ತಯಾರುಂಟು. ಕಾಲಿಗೆ ನೀರು ತರ್ತೆ, ತಡೀರಿ” ಎಂದು ಒಳಗೆ ಹೋದ.

ಅವನು ಕೂತಿದ್ದ ಜಾಗದ ಹಿಂದೆ, ಗೋಡೆಗೆ ತಾಗಿ, ಮೊರದಲ್ಲಿ ಬಾಳೆಯೆಲೆಯ ಮೇಲೆ ಅಕ್ಕನ ಬಾಸಿಂಗ ಇತ್ತು. ಕುಂಕುಮ ಇಟ್ಟಿದ್ದರು. ಈಗ ಹೇಗೆ ಹೇಳಲಿ ಅದರ ಚಂದವನ್ನು? ಎರಡು ಗಿಳಿಗಳು ಕೊಕ್ಕಿಗೆ ಕೊಕ್ಕು ತಾಗಿಸಿದ್ದವು. ಮೊಗ್ಗಿನ ಸಾಲು ಉಸಿರಿಗೇ ಅಲುಗುವಷ್ಟು ಹಗುರ. ನಾನು ನೋಡಿದ ಕ್ಷಣದಲ್ಲೇ ಆ ಮೇಡಮ್ಮೂ ನೋಡಿದಳು.

“ಓ, ವಾಟ್ ಈಸ್ ದ್ಯಾಟ್?”

ಮಾವನಿಗೆ ಗೊತ್ತಿತ್ತು. ಇದೊಂದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅದು ಯಾರದೆಂದು, ಯಾವ ದಿನಕ್ಕೆಂದು, ಅದಕ್ಕೆ ಬೆಲೆ ಇಲ್ಲವೆಂದು ಮಾವನಿಗೆ ಗೊತ್ತಿತ್ತು. ಅಕ್ಕನ ಧಾರೆಯ ಹೊತ್ತಿನಲ್ಲಿ ಮದುಮಗಳನ್ನು ಎತ್ತಿಕೊಂಡು ಬರಬೇಕಾದ ಸೋದರಮಾವ ಅವನು. “ವೆಡ್ಡಿಂಗ್ ಕ್ರೌನ್, ಮೇಡಂ,” ಅಂದ. ಹೌ ಮಚ್ ಎಂದು ಅವಳು ಕೇಳಿದಳು. ಬೆಲೆಯಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಲು ಅವನಿಗೆ ನಾಚಿಕೆಯಾಯಿತೋ, ಅಥವಾ ಒಬ್ಬ ಬಿಳಿ ಹೆಂಗಸಿಗೆ ಇಲ್ಲ ಅನ್ನುವುದು ಅವನ ನಾಲಿಗೆಗೆ ಬರುತ್ತಲೇ ಇರಲಿಲ್ಲವೋ. “ಟೆನ್ ರುಪೀಸ್ ಮೇಡಂ.”

“ತ್ರೀ.”

“ಮೇಡಂ, ಸೆವೆನ್. ಹ್ಯಾಂಡ್ ವರ್ಕ್!”

ಅವಳು ಎದ್ದು ನಿಂತಳು. ಮಾವ ಕರೆದ. ನಾಲ್ಕಕ್ಕೆ ಮುಗಿಯಿತು. ನಮ್ಮಮ್ಮ ಹರಿವಾಣ ಹಿಡಿದು ಮೆಟ್ಟಿಲ ಕೆಳಗೆ ನಿಂತಿದ್ದಳು; ಅವಳಿಗೆ ಭಾಷೆ ಅರ್ಥವಾಗದಿದ್ದರೂ ಚೌಕಾಶಿ ಅರ್ಥವಾಗುತ್ತದಲ್ಲ. “ಅಣ್ಣಯ್ಯಾ, ಎಂತ ಮಾಡ್ತಿದ್ದೆ ನೀನು?” ಎಂದಳು. ಅಷ್ಟರಲ್ಲಿ ಮೇಡಂ ಒಂದನ್ನು ತನ್ನ ಹಣೆಗೆ ಕಟ್ಟಿಕೊಂಡಾಗಿತ್ತು, ಇನ್ನೊಂದನ್ನು ಗಂಡನ ಟೊಪ್ಪಿಯ ಮೇಲೆ ಸಿಕ್ಕಿಸಿಯಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಡಗಿನ ಫ್ಯಾನ್ಸಿ ಡ್ರೆಸ್ ಪಾರ್ಟಿಗೆ ಇದೇ ಸರಿ ಎಂದರು ಯಾರೋ. ಕ್ಯಾಮೆರಾ ಕ್ಲಿಕ್ಕಾಯಿತು.

ಅಜ್ಜ ನೀರಿನ ಚೊಂಬು ಹಿಡಿದು ಹೊರಗೆ ಬಂದಾಗ ಬಾಳೆಯೆಲೆಯ ಮೇಲೆ, ಕುಂಕುಮದ ಮೇಲೆಯೇ, ನೋಟುಗಳಿದ್ದವು.

“ಇದೆಂತ ಇದು?”

“ಇನ್ನೊಂದು ಕಟ್ಟಿಕೊಡು ಅಜ್ಜ. ನಾಡಿದ್ದಿಗೆ ಆಗೂದಿಲ್ವಾ? ನಿನ್ನ ಕೈಗೆ ಅದೆಂತ ದೊಡ್ಡ ಕೆಲ್ಸ!” ಮಾವ ನಗುತ್ತಿದ್ದ.

ಅಜ್ಜ ಚೊಂಬು ಕೆಳಗಿಟ್ಟ. “ಕಟ್ಟೂದು ದೊಡ್ಡದಲ್ಲ ಸ್ವಾಮಿ. ಬಾಸಿಂಗ ಮಾರಿದ ಜಗಲಿ ಮಾಡಿದ್ರಲ್ಲ ಇದನ್ನ. ಮಾರಿದ್ ಮೇಲೆ ನಾ ಕಟ್ಟೂದಿಲ್ಲ. ನಿಮಗೂ ಇಲ್ಲ, ಯಾರಿಗೂ ಇಲ್ಲ.” ಸಿಟ್ಟಿನಲ್ಲಿ ಕೂಗಿದ್ದರೆ ಸಮಾಧಾನ ಮಾಡಬಹುದಿತ್ತು. ಮಳೆ ಬರುತ್ತದೆ ಅನ್ನುವ ಹಾಗೆ ಹೇಳಿದ.

ಅಮ್ಮನ ಕೈಯಲ್ಲಿ ಹರಿವಾಣ ಅಲುಗಿ ಅಕ್ಕಿ ಚೆಲ್ಲಿತು. ತೀರ್ಥಹಳ್ಳಿಯ ಬೀಗಿತ್ತಿ, ಮುರಿದುಬಿದ್ದ ಹಿಂದಿನ ಮದುವೆ, ಒಳಮನೆಯಲ್ಲಿ ಅರಿಸಿನ ಹಚ್ಚಿಸಿಕೊಳ್ಳುತ್ತಿದ್ದ ಅಕ್ಕ, ಎಲ್ಲವೂ ಅವಳ ಮುಖದಲ್ಲಿ ಒಟ್ಟಿಗೆ ಕಂಡವು. “ಅಜ್ಜ,” ಎಂದಳು, “ದುಡ್ಡು ವಾಪಸ್ ಹೋದ್ರೆ?”

ಅಜ್ಜ ಯೋಚನೆ ಮಾಡಿದ. “ದುಡ್ಡು ಬಂದ ಕೈಗೇ ಹೋದ್ರೆ, ಮಾರಿದ ಹಾಗಾಗ್ಲಿಲ್ಲ. ಮತ್ತೆ ಕಟ್ಟಬಹುದು. ಆ ಹಣೆ ಮುಟ್ಟಿದ್ದು ಮಾತ್ರ ಬ್ಯಾಡ, ಅದು ನೀರಿಗೆ.”

“ಅಣ್ಣಯ್ಯ, ವಾಪಸ್ ಕೊಡು ಅವ್ರಿಗೆ.”

“ನಿಂಗೆ ತಲೆ ಸರಿ ಇದ್ಯಾ? ಕೊಟ್ಟ ಮೇಲೆ ವಾಪಸ್ ಕೇಳಿದ್ರೆ ಏನಂದ್ಕೋತಾರೆ ನಮ್ಮ ದೇಶದ ಬಗ್ಗೆ?”

ಆಗ ಅಮ್ಮ, ಗಂಡಸರ ಮುಂದೆ ನಾನು ಕೆಮ್ಮಿದರೂ ಕಣ್ಣು ಬಿಡುತ್ತಿದ್ದ ನನ್ನಮ್ಮ, ನನ್ನ ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ನೂಕಿದಳು. “ನಿಂಗೆ ಬರ್ತದಲ್ಲೇ ಇಂಗ್ಲಿಷು. ಕಪ್ಪು ತಂದದ್ದು ಎಂತಕ್ಕೆ? ಮಾತಾಡು.”

ನಾನು ನೋಟುಗಳನ್ನು ಎತ್ತಿಕೊಂಡು ಮೇಡಮ್ಮಿನ ಮುಂದೆ ಹಿಡಿದೆ. ಸಿಸ್ಟರುಗಳು ಕಲಿಸಿದ ಸ್ವರದಲ್ಲಿ, ಎಕ್ಸ್‌ಕ್ಯೂಸ್ ಮಿ ಎಂದು ಶುರುಮಾಡಿ, ಇದು ನನ್ನ ಅಕ್ಕನ ಮದುವೆಯದು, ನಾಡಿದ್ದೇ ಮುಹೂರ್ತ, ಇದು ಮಾರುವ ವಸ್ತುವಲ್ಲ, ದಯವಿಟ್ಟು ನಿಮ್ಮ ಹಣ ತಗೊಳ್ಳಿ ಎಂದೆ.

ಅವಳಿಗೆ ಬಹಳ ಸಂತೋಷವಾಯಿತು. ಅದನ್ನೇ ನಾನು ಇವತ್ತಿಗೂ ಕ್ಷಮಿಸಲಾರೆ. “ಹೌ ಲವ್ಲಿ! ಹಾಗಾದರೆ ಇದು ನಿಜವಾದದ್ದು!” ಎಂದು ಗಂಡನ ತೋಳು ಹಿಡಿದಳು. ಪರ್ಸ್ ತೆರೆದು ಹತ್ತರ ನೋಟು ತೆಗೆದಳು. ನಾನು ಬೇಡವೆಂದೆ. ಇನ್ನೊಂದು ಹತ್ತು ತೆಗೆದಳು. ನಾನು ಕೈ ಹಿಂದಕ್ಕೆ ಕಟ್ಟಿದೆ. “ಈ ಹುಡುಗಿ ಆ ಮನುಷ್ಯನಿಗಿಂತ ಜೋರು” ಎಂದು ಗಂಡನಿಗೆ ಹೇಳಿ ನಕ್ಕಳು. ನಾನು ಇಲ್ಲ ಎಂದಷ್ಟೂ ಬೆಲೆ ಏರುತ್ತಿತ್ತು. ಹಡಗಿನ ಲೆಕ್ಚರಿನಲ್ಲಿ ‘ಇಲ್ಲ’ ಎಂಬುದಕ್ಕೆ ಬೇರೆ ಅರ್ಥ ಹೇಳಿಕೊಟ್ಟಿರಲೇ ಇಲ್ಲ. ಹಿಂದಿನಿಂದ ಮಾವ ಕಿವಿಯ ಹತ್ತಿರ, “ಮೂವತ್ತಕ್ಕೆ ಬಿಡು, ಮೂವತ್ತಕ್ಕೆ ಬಿಡು” ಅನ್ನುತ್ತಿದ್ದ.

ಆಗ ನನಗೆ ಎಲ್ಲಿಂದ ಹೊಳೆಯಿತೋ. “ಮೇಡಂ,” ಎಂದೆ, “ನನಗೆ ಪಾಠ ಹೇಳಿದ ನನ್ಸ್ ಬೆರಳಿಗೆ ಒಂದು ಬೆಳ್ಳಿ ಉಂಗುರ ಹಾಕುತ್ತಾರೆ, ಕ್ರಿಸ್ತನ ಜೊತೆಗಿನ ಮದುವೆಯ ಉಂಗುರ. ವುಡ್ ಯೂ ಆಸ್ಕ್ ದೆಮ್ ದ ಪ್ರೈಸ್ ಆಫ್ ಇಟ್?”

ಅವಳ ಮುಖ ಕುತ್ತಿಗೆಯಿಂದ ಮೇಲಕ್ಕೆ ಕೆಂಪಾಯಿತು. ಮಾರಾಟಕ್ಕಿಲ್ಲದ್ದನ್ನು ಅಂಗಡಿಯಲ್ಲಿ ಯಾಕೆ ಇಡುತ್ತೀರಿ ಎಂದು ಕೇಳಿದಳು. ಇದು ಅಂಗಡಿಯಲ್ಲ, ಇವರ ಮನೆಯ ಜಗಲಿ ಎಂದೆ. ನನ್ನ ಸ್ವರ ಆಗಲೇ ಕಾನ್ವೆಂಟಿನದಾಗಿ ಉಳಿದಿರಲಿಲ್ಲ. ಬಾಸಿಂಗವನ್ನು ಹಣೆಯಿಂದ ಕಿತ್ತು ಮೊರಕ್ಕೆ ಎಸೆದಳು, ಗಂಡನದ್ದನ್ನೂ. ಒಂದು ಗಿಳಿಯ ಕತ್ತು ಮುರಿಯಿತು. ನನ್ನ ಕೈಯಿಂದ ತನ್ನ ನಾಲ್ಕು ರೂಪಾಯಿ ಕಿತ್ತುಕೊಂಡು, ಆನೆಗಳನ್ನೂ ಪೆಟ್ಟಿಗೆಯನ್ನೂ ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು. ಅವಳ ಹಿಂದೆ ಎಲ್ಲರೂ ಹೋದರು. ಎಲ್ಲರ ಹಿಂದೆ ಮಾವ ಓಡಿದ, “ಸಾರಿ ಮೇಡಂ, ವಿಲೇಜ್ ಗರ್ಲ್ ಮೇಡಂ” ಎನ್ನುತ್ತ.

ಅಜ್ಜನ ಒಂದು ದಿನದ ವ್ಯಾಪಾರ ನನ್ನಿಂದ ಹೋಯಿತು. ಹಾಗೆಂದು ಹೇಳಿದರೆ ಅಜ್ಜ, “ಆನೆಗೆ ಬೇರೆ ಗಿರಾಕಿ ಬರ್ತಾರೆ ಮಗಾ. ಕೂತ್ಕೋ, ಸ್ವಲ್ಪ ನೀರು ಕುಡಿ” ಎಂದ. ಅಮ್ಮ ಹರಿವಾಣವನ್ನು ಅವನ ಮುಂದಿಟ್ಟಳು. ಅವನು ಅದನ್ನು ಮುಟ್ಟಿ ಹಣೆಗೆ ಒತ್ತಿಕೊಂಡ. ಮುರಿದ ಗಿಳಿಯನ್ನು ನೋಡಿ ಅಮ್ಮ ಎಂದಳು: “ಆ ಮುದುಕ ಮುದುಕಿಗೆ ಇನ್ನೊಂದು ಲಗ್ನ ಮಾಡಿಸಿದ ನನ್ನಣ್ಣ. ಊಟ ಮಾತ್ರ ಹಾಕಿಸ್ಲಿಲ್ಲ.” ಅಜ್ಜ ನಕ್ಕ, ನಾವೂ ನಕ್ಕೆವು. ನಗುತ್ತಲೇ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮುಹೂರ್ತದ ಬೆಳಿಗ್ಗೆ ಅಜ್ಜ ತಾನೇ ಬಾಸಿಂಗ ಹೊತ್ತು ತಂದ. ಉಳಿದಿದ್ದ ಬೆಂಡು ಸಾಲದೆ ಅದು ಚಿಕ್ಕದಾಗಿತ್ತು. ಬೇಗಡೆ ತರಿಸಲು ಸಮಯವಿಲ್ಲದೆ ಬರಿ ಬಿಳಿ. ಗಿಳಿಗಳಿರಲಿಲ್ಲ. ನನ್ನ ಕಣ್ಣಿಗೆ ಅದೇ ಚಂದ ಕಂಡಿತು. ಬೀಗಿತ್ತಿ ತಿರುವಿ ನೋಡಿ, “ಇದೆಂತ, ಬೋಳು ಬೋಳು?” ಎಂದರು. ಆದರೆ ಕೆಲಸದ ನಯ ಅವರಿಗೂ ತಿಳಿಯುತ್ತಿತ್ತು. “ಕೈ ಮಾತ್ರ ಗುಡಿಗಾರರದ್ದೇ, ಹೌದು” ಎಂದು ಮಗನ ಹಣೆಗೆ ಕಟ್ಟಿಸಿದರು. ಅಮ್ಮ ಎರಡು ದಿನದ ಉಸಿರನ್ನು ಒಮ್ಮೆಲೇ ಬಿಟ್ಟದ್ದು ನನಗೆ ಕೇಳಿಸಿತು. ಮಾವ ಪಂಚೆ ಎತ್ತಿ ಕಟ್ಟಿಕೊಂಡು ಅಕ್ಕನನ್ನು ಎತ್ತಿಕೊಂಡು ಬಂದ. ಮದುವೆಯಾಯಿತು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ.

ಊಟದ ಪಂಕ್ತಿಯಲ್ಲಿ ಬೀಗರ ಎದುರು ಕೂತು ಮಾವ ಕತೆ ಶುರುಮಾಡಿದ. ಹಡಗು, ಮೇಡಂ, ಅವಳು ಇವನನ್ನು ಮಿಸ್ಟರ್ ಎಂದದ್ದು. “ಕೊನೆಗೆ ಮೂವತ್ತಕ್ಕೆ ಬಂದಿತ್ತು ನೋಡಿ, ಬರೀ ಬೆಂಡಿಗೆ! ನಮ್ಮ ಕಾನ್ವೆಂಟ್ ಮಹಾರಾಣಿ ಹಾಳುಮಾಡಿದ್ಳು.” ಗಂಡಸರು ನಕ್ಕರು. ಬಡಿಸುತ್ತ ನಿಂತಿದ್ದ ಬೀಗಿತ್ತಿ ತುಪ್ಪದ ಮಿಳ್ಳೆಯನ್ನು ಹಾಗೇ ಹಿಡಿದು ಕೇಳಿದರು:

“ಹಾಗಾದ್ರೆ ಹುಡುಗಿಗೆ ಎಷ್ಟು ಹೇಳಿದ್ರಿ, ಮಾವನೋರೇ?”

ಮಾವ ಒಬ್ಬನೇ ಅದನ್ನೂ ಜೋಕ್ ಎಂದುಕೊಂಡು ನಕ್ಕ. ಅಕ್ಕ ಅಲ್ಲೇ, ಗಂಡನ ಪಕ್ಕದ ಎಲೆಯಲ್ಲಿ ಕೂತಿದ್ದಳು. ತಲೆ ತಗ್ಗಿಸಿದ್ದಳು, ಬಾಸಿಂಗದ ಕೆಳಗೆ ಅವಳ ಮುಖ ನನಗೆ ಕಾಣಲಿಲ್ಲ. ಕಲಸಿದ ಅನ್ನ ಎಲೆಯ ಮೇಲೆ ಹಾಗೇ ಉಳಿದದ್ದು ಕಂಡಿತು.

ಆ ಮಾತು ಅಕ್ಕನ ಜೊತೆಗೆ ತೀರ್ಥಹಳ್ಳಿಗೆ ಹೋಯಿತು. ಅತ್ತೆ ಕೆಟ್ಟವರಲ್ಲ, ಬಾಣಂತನದಲ್ಲಿ ಅಕ್ಕನನ್ನು ಹೂವಿನ ಹಾಗೆ ನೋಡಿಕೊಂಡವರು. ಆದರೆ ಸಾರು ಉಪ್ಪಾದರೆ, ಹಾಲು ಉಕ್ಕಿದರೆ, “ರೇಟ್ ಹೇಳುವ ಮನೆಯಿಂದ ತಂದದ್ದಲ್ವಾ” ಎಂಬ ಮಾತು ಬರುತ್ತಿತ್ತಂತೆ. ಅಕ್ಕ ನನಗೆ ಅದನ್ನು ಹೇಳಿದ್ದು ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ನಗುತ್ತ. ನನಗೆ ನಗು ಬರಲಿಲ್ಲ. ಅಷ್ಟು ವರ್ಷ ಅವಳು ಒಬ್ಬಳೇ ನುಂಗಿದ್ದಳಲ್ಲ, ಮಾವ ಹೊಸನಗರದಲ್ಲಿ ಎಲೆಯಡಿಕೆ ಜಗಿಯುತ್ತ ಅದೇ ಕತೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದಾಗ.

ಅದೇ ದಶಕ ಮುಗಿಯುವ ಹೊತ್ತಿಗೆ ನನ್ನ ಮದುವೆಯಾಯಿತು, ಶಿವಮೊಗ್ಗದ ಛತ್ರವೊಂದರಲ್ಲಿ. ಗುಡಿಗಾರಜ್ಜ ಅಷ್ಟರಲ್ಲಿ ತೀರಿಕೊಂಡಿದ್ದ. ಬಾಸಿಂಗದ ಜವಾಬ್ದಾರಿ ತನ್ನದೆಂದು ಮಾವ ಅಮ್ಮನ ಮಾತು ಕೇಳದೆ ವಹಿಸಿಕೊಂಡ. ಮುಹೂರ್ತಕ್ಕೆ ಸ್ವಲ್ಪ ಮುಂಚೆ ಪೇಟೆಯಿಂದ ಬಂದು, ರಟ್ಟಿನ ಡಬ್ಬಿಯನ್ನು ನನ್ನ ಮಡಿಲಿಗೆ ಹಾಕಿದ. ಒಳಗೆ ಮಿರಮಿರ ಮಿಂಚುವ ಕಾಗದದ ಬಾಸಿಂಗ. “ಹನ್ನೆರಡು ಹೇಳಿದ ಕಣೇ,” ಎಂದ, ಮುಖದ ತುಂಬ ಹೆಮ್ಮೆ, “ಎದ್ದು ಹೊರಟ ಹಾಗೆ ಮಾಡ್ದೆ ನೋಡು. ಐದಕ್ಕೆ ಕೊಟ್ಟ!”

ಹೊರಗೆ ವಾಲಗ ಶುರುವಾಗಿತ್ತು. ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಅವಳು ಡಬ್ಬಿಯಿಂದ ಅದನ್ನು ತೆಗೆದು, ಅದರ ತುದಿಯಲ್ಲಿ ನೇತಾಡುತ್ತಿದ್ದ ಬೆಲೆಯ ಚೀಟಿಯನ್ನು ಹಲ್ಲಿನಿಂದ ಕಡಿದು ತೆಗೆದು, ನನ್ನ ಹಣೆಗೆ ಕಟ್ಟಿದಳು.

ಮದುವೆಯ ಫೋಟೋ ಈಗಲೂ ನನ್ನ ಮಂಚದ ಎದುರಿಗಿದೆ. ಆಮೆ ತಂದುಕೊಟ್ಟ ಹುಡುಗಿ ಅದನ್ನು ನೋಡಿ, “ಆಂಟೀ, ಎಷ್ಟು ಅತ್ತಿದ್ದೀರಿ ಪಾಪ, ತವರು ಬಿಟ್ಟು ಹೋಗೋಕೆ!” ಎಂದಳು. ಕಣ್ಣು ಹೊಳೆಯುತ್ತಿದೆ, ತುಟಿ ಬಿಗಿದಿದೆ, ಹೌದು. ಅದು ಸಿಟ್ಟು. ಆ ದಿನ ನಾನು ಅಳಲೇ ಇಲ್ಲ.